ಹೆಬ್ಬಾವಿಗೆ ನಮಸ್ಕಾರ ಕಲಿಸಿದ್ದು

ತಯಾಬಾಸ್
ನವೆಂಬರ್ 23, ಶುಕ್ರವಾರ

ಪ್ರೀತಿಯ ಅಮ್ಮಾ, ತುಂಬಾ ತುಂಬಾ ಪ್ರೀತಿಯ ನಾನಾಯ್,

ಮೊದಲು ನಿಮ್ಮ ಮಂಡಿನೋವು ಹೇಗಿದೆ ಹೇಳಿ. ಹಾಂಗ್‌ಕಾಂಗಿನಲ್ಲಿ ಚಳಿ ಶುರುವಾಗಿದೆಯಂತೆ. ನಾನು ಕಳಿಸಿದ ಉಣ್ಣೆಯ ಮಂಡಿಪಟ್ಟಿ ಹಾಕಿಕೊಳ್ಳುತ್ತಿದ್ದೀರೋ, ಇಲ್ಲಾ ಎಂದಿನ ಹಾಗೆ ಹೊಸದು ಹಾಳಾಗುತ್ತದೆಂದು ಪೆಟ್ಟಿಗೆಯಲ್ಲೇ ಇಟ್ಟಿದ್ದೀರೋ? ನೀವು ನೋಡಿಕೊಳ್ಳುವ ಅಜ್ಜಿ ಈಗ ಗಂಜಿ ಉಗುಳದೆ ಕುಡಿಯುತ್ತಾರಾ? ಇಲ್ಲಿ ನಾವು ಕ್ಷೇಮ. ಸತ್ತವರ ಹಬ್ಬಕ್ಕೆ ಅಪ್ಪನ ಸಮಾಧಿಗೆ ಸುಣ್ಣ ಹೊಡೆದು, ಮೇಣದಬತ್ತಿ ಹಚ್ಚಿ, ಅವರಿಗಿಷ್ಟದ ಹಸಿ ನೆಲಗಡಲೆ ಬೇಯಿಸಿಟ್ಟು ಬಂದೆವು. ಡೆಲ್ಫಿನ್ ಕಾಣದ ಮಾವನ ಜೊತೆ ಎಷ್ಟು ಹೊತ್ತು ಮಾತಾಡಿದ ಗೊತ್ತಾ! ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ, ಆದರೂ ನನಗಿಂತ ಅವನೇ ಈ ಮನೆಯ ಮಗನ ಹಾಗಿದ್ದಾನೆ. ಅವನನ್ನು ನೋಡಿದರೆ ನನಗೆ ಈಗಲೂ ಅಡುಗೆ ಒಲೆಯ ಮೇಲಿರುವುದು ಮರೆತು ಹೋಗುತ್ತದೆ. ಬೈಯಬೇಡಿ.

ದಿನಾ ವಿಡಿಯೊದಲ್ಲಿ ಹಲ್ಲು ಕಿರಿಯುವ ಹುಡುಗಿ ಕಾಗದ ಯಾಕೆ ಬರೆದಳು ಎಂದು ನಿಮಗೆ ಅನ್ನಿಸಿರುತ್ತದೆ. ಪಕ್ಕದ ಮನೆಯ ಅಲಿಂಗ್ ಪಾಸಿಂಗ್ ರಜೆ ಮುಗಿಸಿ ಭಾನುವಾರ ಅಲ್ಲಿಗೆ ಹೊರಟಿದ್ದಾರೆ. ಅವರ ಕೈಲಿ ಒಣಮೀನು, ಬೆಳ್ಳುಳ್ಳಿ ಹಾಕಿದ ಸಾಸೇಜು, ಮತ್ತು ಇದು. ಎರಡು ಸಲ ಫೋನಿನಲ್ಲೇ ಹೇಳಲು ಹೋದೆ. ಎರಡು ಸಲವೂ ನೀವು ಮೊದಲೇ ಮಾತು ತೆಗೆದು, ನಿಮ್ಮಮ್ಮ, ನನ್ನ ಲೋಲಾ, ಬಚ್ಚಲಲ್ಲಿ ಜಾರಿ ಕೈ ಮುರಿದುಕೊಂಡ ಮೇಲೆ ನಿಮಗೆ ನಿದ್ದೆಯೇ ಇಲ್ಲವೆಂದಿರಿ. "ಇನ್ ಸಾಕು ಮಗಳೇ, ಒಂದನೇ ತಾರೀಖು ಮೇಡಂಗೆ ಹೇಳ್ಬಿಡ್ತೀನಿ, ಕ್ರಿಸ್ಮಸ್ಸಿಗೆ ಬಂದವಳು ವಾಪಸ್ ಹೋಗಲ್ಲ," ಎಂದಿರಿ. ಇಲ್ಲಿ ಬೇಕರಿ ಹಾಕಲು ನೀವು ದುಡ್ಡು ಕೂಡಿಸುತ್ತಿರುವ ಒಲೆ? ಎಂದು ಕೇಳಿದೆ. "ಒಲೆ ಇವತ್ತಿಲ್ಲ ನಾಳೆ ಸಿಗುತ್ತೆ, ಅಮ್ಮ ಸಿಗ್ತಾಳಾ?" ಎಂದಿರಿ. ನಾನು ನಕ್ಕು, ಊಟಕ್ಕೇನು ಎಂದು ಕೇಳಿ ಮಾತು ತಿರುಗಿಸಿದೆ. ನಾನಾಯ್, ಲೋಲಾ ಬಚ್ಚಲಲ್ಲಿ ಜಾರಲಿಲ್ಲ.

ಮೊದಲಿಂದ ಹೇಳುತ್ತೇನೆ, ಇಲ್ಲದಿದ್ದರೆ ಬರೆಯಲಿಕ್ಕೇ ಆಗುವುದಿಲ್ಲ. ಡೆಲ್ಫಿನ್‌ಗೆ ಹಾವು ಸಾಕುವ ಹುಚ್ಚು ಇರುವುದು ನಿಮಗೆ ಗೊತ್ತು. ಮದುವೆಯ ಮಾತುಕತೆಗೆ ಬಂದ ದಿನವೇ ಅವನ ಜೇಬಿನಿಂದ ಹಾವಿನ ಪೊರೆ ಬಿದ್ದು ನೀವು ಫೋನಿನಲ್ಲೇ ಕಿರುಚಿದ್ದಿರಲ್ಲ! ಮದುವೆಯಾದ ಮೇಲೆ ನಮಗಿಬ್ಬರಿಗೂ ಸೇರಿ ಒಂದು ಹಾವು ತರೋಣವೆಂದ. ಲುಸೆನಾದಲ್ಲಿ ಅವನ ಗೆಳೆಯನ ಮನೆಗೆ ಹೋದೆವು. ಗೋಡೆಯುದ್ದಕ್ಕೂ ಡಬ್ಬಿಗಳು. ಒಂದರಲ್ಲಿ ಕಿತ್ತಳೆ ಬಣ್ಣದ ಕಾರ್ನ್ ಸ್ನೇಕ್, ಶೂ ಲೇಸಿನಷ್ಟು ಸಣ್ಣ. ಇನ್ನೊಂದರಲ್ಲಿ ಬಾಲ್ ಪೈಥಾನ್, ಅಂಗೈಯಲ್ಲಿ ಇಟ್ಟೊಡನೆ ಮುಖ ಒಳಗೆಳೆದುಕೊಂಡು ಉಂಡೆಯಾಯಿತು. ಡೆಲ್ಫಿನ್ ಅದರ ಮೇಲೇ ಕಣ್ಣಿಟ್ಟಿದ್ದ. "ಇದು ಮೆತ್ತನೆ ಜೀವ, ಸೆಲ್. ದೊಡ್ಡದಾದ್ರೂ ಬಟ್ಟೆ ಪೆಟ್ಟಿಗೆಯಷ್ಟು ಜಾಗ ಸಾಕು. ಊಟದ ವಿಷ್ಯದಲ್ಲಿ ಮಾತ್ರ ಸ್ವಲ್ಪ ನಖರಾ, ನಿನ್ ಹಾಗೇನೇ," ಎಂದ. ನಾನು ಮೂತಿ ತಿರುಗಿಸಿದೆ. ಯಾಕೆಂದರೆ ಆ ಹೊತ್ತಿಗೆ ಮೂಲೆಯ ಪಂಜರದಲ್ಲಿ ರೇನಾ ತಲೆಯೆತ್ತಿದ್ದಳು. ನಮ್ಮ ಕಾಡುಗಳದೇ ಹೆಬ್ಬಾವು, ಬಂಗಾರದ ಮೈಮೇಲೆ ಕಪ್ಪು ಬಲೆ ಹಾಸಿದ ಹಾಗೆ, ಕಣ್ಣು ಬೆಂಕಿಯ ಬಣ್ಣ. ಆಗಲೇ ನನ್ನ ಎತ್ತರಕ್ಕಿಂತ ಉದ್ದ. ಅದರ ಮುಂದೆ ಉಳಿದವು ಆಟಿಕೆಗಳಂತೆ ಕಂಡವು.

ಡೆಲ್ಫಿನ್ ತುಂಬಾ ಹೇಳಿದ. ಪಂಜರದಷ್ಟಕ್ಕೇ ಹಾವು ಬೆಳೆಯುತ್ತದೆ ಎಂಬುದು ಸುಳ್ಳು, ಇದು ಬೆಳೆಯುತ್ತಲೇ ಹೋಗುತ್ತದೆ, ಇದನ್ನು ಒಬ್ಬರೇ ಮುಟ್ಟಬಾರದು, ಇಬ್ಬರೂ ಕೆಲಸಕ್ಕೆ ಹೋಗುವವರು, ಮನೆಯಲ್ಲಿ ವಯಸ್ಸಾದವರಿದ್ದಾರೆ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಹೊಸ ಹೆಂಡತಿ ಅಳುವ ಮುಖ ಮಾಡಿದರೆ ಯಾವ ಗಂಡ ತಾನೇ ನಿಲ್ಲುತ್ತಾನೆ? ನಿಜ ಹೇಳಬೇಕೆಂದರೆ ನನಗೆ ಬೇಕಿದ್ದದ್ದು ಹಾವಲ್ಲ, ಹಾವನ್ನು ಹೆಗಲಿಗೆ ಹಾಕಿಕೊಂಡ ಫೋಟೋ. ನಮ್ಮ ಕಾನ್ವೆಂಟಿನ ಗೆಳತಿಯರಲ್ಲಿ ಒಬ್ಬಳು ಕೊರಿಯಾಕ್ಕೆ ಹೋಗಿ ಬಂದಿದ್ದಳು, ಇನ್ನೊಬ್ಬಳ ಗಂಡ ಪೈಲಟ್. ನನಗೂ ಏನಾದರೂ ಇರಬೇಡವಾ?

ಇನ್ನು ಅವಳನ್ನು ಎಲ್ಲಿಟ್ಟೆವು ಎನ್ನುವುದು. ಇದನ್ನು ಬರೆಯುವಾಗ ಮುಖ ಸುಡುತ್ತಿದೆ. ನಮ್ಮ ಮನೆಯ ಗೋಡೆಗಳು ಸೂರಿನವರೆಗೆ ಹೋಗುವುದಿಲ್ಲವಲ್ಲ, ಗಾಳಿಗೆಂದು ಮೇಲೆ ತೆರೆದೇ ಇದೆ. ಮೇಲೂ ಮುಚ್ಚಿ ಬಾಗಿಲಿಗೆ ಬೀಗವಿರುವುದು ಒಂದೇ ಕೋಣೆ: ನಿಮ್ಮದು. ಏಸಿ ಹಾಕಿಸಿ, ಪರದೆ ಆರಿಸಿ, ಇನ್ನೂ ಒಂದು ರಾತ್ರಿಯೂ ನೀವು ಮಲಗದ ಕೋಣೆ. ಹಾಸಿಗೆಯ ಮೇಲಿನ ಪ್ಲಾಸ್ಟಿಕ್ ಕೂಡ ತೆಗೆದಿರಲಿಲ್ಲ, ನೀವೇ ತೆಗೆಯುತ್ತೀರೆಂದು. ಮಂಚವನ್ನು ಗೋಡೆಗೆ ಒರಗಿಸಿ ನಿಲ್ಲಿಸಿದೆವು. ನಿಮ್ಮ ಬೀರುವಿನ ಬಾಗಿಲುಗಳೇ ಪಂಜರದ ಬಾಗಿಲಾದವು. ಏಸಿ ಒಂದು ದಿನವೂ ಹಾಕಲಿಲ್ಲ, ಅವಳಿಗೆ ಶಾಖ ಬೇಕಿತ್ತು, ದೀಪ ಉರಿಸಿದೆವು. ಪೊರೆ ಸರಿಯಾಗಿ ಬಿಡಲು ತೇವವಿರಬೇಕೆಂದು ನೀರು ಸಿಂಪಡಿಸಿ ಸಿಂಪಡಿಸಿ ನೀಲಿ ಗೋಡೆಗೆ ಬೂಷ್ಟು ಹಿಡಿಯಿತು. "ನನ್ ಕೋಣೆ ತೋರ್ಸೇ" ಎಂದು ನೀವು ಕೇಳಿದಾಗಲೆಲ್ಲ ಕರೆಂಟಿಲ್ಲ, ಪರದೆ ಒಗೆಯಲು ಹಾಕಿದೆ ಎಂದೆನಲ್ಲ, ಅದೆಲ್ಲ ಇದಕ್ಕೆ.

ಲೋಲಾಗೆ ಮಾತ್ರ ರೇನಾ ಎಂದರೆ ಪ್ರಾಣ. ಮನೆಗೆ ಬಂದ ಹೆಬ್ಬಾವು ಅದೃಷ್ಟ ತರುತ್ತದಂತೆ, ಅವರ ಅಜ್ಜಿಯ ಭತ್ತದ ಕಣಜದಲ್ಲೂ ಒಂದಿತ್ತಂತೆ, ಇಲಿಯೇ ಇರಲಿಲ್ಲವಂತೆ. ಕೆಲವು ಮಕ್ಕಳು ಹಾವಿನ ಜೊತೆ ಅವಳಿಯಾಗಿ ಹುಟ್ಟುತ್ತಾರೆ ಎನ್ನುತ್ತಾರಲ್ಲ, ಅದನ್ನು ಹಿಡಿದುಕೊಂಡು ದಿನಾ ನನ್ನನ್ನು ಗೋಳು ಹೊಯ್ದುಕೊಳ್ಳುತ್ತಿದ್ದರು. "ನೀನ್ ಹುಟ್ಟಿದಾಗ್ಲೇ ನಂಗೆ ಅನುಮಾನ ಇತ್ತು ಕಣೇ, ಇಷ್ಟು ತಿನ್ನೋಳು ಒಂಟಿಯಾಗಿ ಹುಟ್ಟೋಕೆ ಸಾಧ್ಯಾನೇ ಇಲ್ಲ ಅಂತ. ನೋಡು, ನಿನ್ನಕ್ಕ ಬಂದ್ಲು." ಡೆಲ್ಫಿನ್ ಮೊಲವನ್ನು ಅಳತೆಯಲ್ಲಿ ಹಾಕಿದರೆ, "ಪಾಪ, ಹೊಟ್ಟೆ ಒಳಗೆ ಹೋಗಿದೆ" ಎಂದು ನಾವಿಬ್ಬರೂ ಅವನಿಲ್ಲದಾಗ ಕೋಳಿ ಹಾಕುತ್ತಿದ್ದೆವು. ಅವಳು ಬಳ್ಳಿಯ ಹಾಗೆ ಬೆಳೆದಳು. ಡೆಲ್ಫಿನ್ ಟೇಪು ಹಿಡಿದು ಅಳೆದು, ತಲೆ ಕೆರೆದುಕೊಂಡು, "ಸೆಲ್, ಇವಳು ಹೀಗೇ ಬೆಳೆದ್ರೆ ನಾವು ಊಟ ಬಿಡ್ಬೇಕಾಗುತ್ತೆ" ಎಂದಾಗ ಲೋಲಾ ಮತ್ತು ನಾನು ಬಾಯಿಗೆ ಸೆರಗು ಹಿಡಿದವರ ಹಾಗೆ ನಕ್ಕೆವು.

ಆ ದಿನ ಡೆಲ್ಫಿನ್‌ನ ಹುಟ್ಟುಹಬ್ಬ. ಅವನು ಇನ್ನೂ ಕೆಲಸದಿಂದ ಬಂದಿರಲಿಲ್ಲ. ಲೋಲಾ ಹಿತ್ತಲಲ್ಲಿ ಕೂತು ಸಾರಿಗೆ ನಾಟಿಕೋಳಿಯ ಪುಕ್ಕ ಕೀಳುತ್ತಿದ್ದರು. ನನ್ನ ಗೆಳತಿಯರು ಮೂವರು ಬಂದರು, ಒಬ್ಬೊಬ್ಬರೇ ಬಗ್ಗಿ ಲೋಲಾಳ ಕೈಯನ್ನು ಹಣೆಗೊತ್ತಿಕೊಂಡರು. ಅದನ್ನು ನೋಡಿ ನನಗೆ ಒಂದು ಹುಚ್ಚು ಹೊಳೆಯಿತು. ರೇನಾಳ ಕೈಲೂ ನಮಸ್ಕಾರ ಮಾಡಿಸೋಣ, ವಿಡಿಯೊ ತೆಗೆಯೋಣ! "ಮನೆಗೆ ಬಂದ ದೊಡ್ಡ ಮೊಮ್ಮಗಳು ಇನ್ನೂ ನಿಮ್ಮ ಆಶೀರ್ವಾದ ತಗೊಂಡಿಲ್ಲ ಲೋಲಾ!" ಎಂದು ಕೈ ಹಿಡಿದು ಎಬ್ಬಿಸಿದೆ. ಅವರು, "ತಾಳೇ, ಕೈ ತೊಳ್ಕೊಂಡು ಬರ್ತೀನಿ" ಎಂದರು. ಅವರು ಹಾಗೆಂದರು ನಾನಾಯ್. ನಾನೇ, "ಅವಳೇನು ಬಿಷಪ್ಪಾ?" ಎಂದು ಎಳೆದುಕೊಂಡು ಹೋದೆ.

ಹಾವಿಗೆ ಕಣ್ಣಿಗಿಂತ ವಾಸನೆ ಮುಖ್ಯ. ಕೋಳಿ ಮುಟ್ಟಿದ ಕೈ ಪಂಜರದೊಳಗೆ ಹೋಗಕೂಡದು, ಮೊದಲು ಕೋಲಿನ ಕೊಕ್ಕೆಯಿಂದ ಮೆಲ್ಲಗೆ ಮೈಮುಟ್ಟಿ ಇದು ಊಟದ ಹೊತ್ತಲ್ಲ ಎಂದು ತಿಳಿಸಬೇಕು. ಇದನ್ನೆಲ್ಲ ಡೆಲ್ಫಿನ್ ನನಗೆ ಎಷ್ಟು ಸಲ ಹೇಳಿದ್ದಾನೋ. ಕೊಕ್ಕೆ ಬಾಗಿಲ ಪಕ್ಕದಲ್ಲೇ ನೇತಾಡುತ್ತಿತ್ತು. ನಾನು ಪಂಜರ ತೆಗೆದು, ಲೋಲಾಳ ಬಲಗೈಯನ್ನು ನನ್ನ ಕೈಯಲ್ಲಿ ಹಿಡಿದು, ರೇನಾಳ ಹಣೆಯ ಹತ್ತಿರ ತಂದೆ. ಗೆಳತಿಯರು ನಗುತ್ತಿದ್ದರು. ಆಮೇಲೆ ಯಾರೂ ನಗಲಿಲ್ಲ. ಅಷ್ಟು ಬೇಗ ಏನಾದರೂ ನಡೆದದ್ದನ್ನು ನಾನು ಎಂದೂ ನೋಡಿಲ್ಲ. ರೇನಾಳ ಹಲ್ಲು ಲೋಲಾಳ ಕೈಗೆ ನೆಟ್ಟು, ಸುರುಳಿ ಮೊಳಕೈ ದಾಟಿ, ಆ ಭಾರಕ್ಕೆ ಲೋಲಾ ಮಂಡಿಯೂರಿ ಬಿದ್ದರು. ಮಣಿಕಟ್ಟು ಮುರಿದದ್ದು ಆಗಲೇ. ನಾನು ಅಳತೊಡಗಿದೆ. ಲೋಲಾ ಬೆವರುತ್ತಾ, "ಅಳ್ಬೇಡ ಕಣೇ, ಬಾಲದ ಕಡೆಯಿಂದ ಬಿಡ್ಸು," ಎಂದರು. ಆಮೇಲೆ ತುಟಿ ಚಾಚಿ ಕಪಾಟಿನ ಕಡೆ ತೋರಿಸಿದರು. ಇಂಥ ಹೊತ್ತಿಗೆಂದೇ ಡೆಲ್ಫಿನ್ ಇಟ್ಟ ಸ್ಪಿರಿಟ್ ಬಾಟಲಿ ಅಲ್ಲಿತ್ತು. ಹಾವಿನ ಬಾಯಿಯ ಬಳಿ ಸುರಿದೆ. ಅವಳು ಬಿಟ್ಟಳು.

ಆಸ್ಪತ್ರೆಯಿಂದ ಬರುವಾಗ ಬಾಡಿಗೆಯ ಟ್ರೈಸಿಕಲ್ ಗಾಡಿಯಲ್ಲಿ ಲೋಲಾ ನನ್ನ ಕಿವಿಯಲ್ಲಿ, "ನಿಮ್ಮಮ್ಮಂಗೆ ಬಚ್ಚಲಲ್ಲಿ ಜಾರಿದೆ ಅಂತೀನಿ. ಅವಳ ಕೋಣೆ ವಿಷ್ಯ ಗೊತ್ತಾದ್ರೆ ನಿನ್ನ ಹುರಿದು ಬಿಡ್ತಾಳೆ," ಎಂದರು. ಅಷ್ಟು ನೋವಿನಲ್ಲೂ ನಗುತ್ತಿದ್ದರು. ನಾನು ಸರಿ ಎಂದೆ. ಬೇಡ ಎನ್ನಲಿಲ್ಲ. ಡೆಲ್ಫಿನ್ ನನ್ನನ್ನು ಬೈಯಲಿಲ್ಲ. "ಬಾಲ್ ಪೈಥಾನ್ ತಗೊಂಡಿದ್ರೂ ನೀನು ಹೀಗೇ ಮಾಡ್ತಿದ್ದೆ ಸೆಲ್, ಹಾವಿನ ತಪ್ಪಲ್ಲ," ಎಂದಷ್ಟೇ ಹೇಳಿದ. ಬೈದಿದ್ದರೆ ಚೆನ್ನಾಗಿತ್ತು. ರಾತ್ರೋರಾತ್ರಿ ಬೆಟ್ಟದ ಕಾಡಿಗೆ ಬಿಟ್ಟು ಬರೋಣವೇ ಎಂದು ನಾನು ಕೇಳಿದಾಗ ಮಾತ್ರ ಬೈದ: ಸಾಕಿದ ಪ್ರಾಣಿಗೆ ಕೋಳಿಯ ಆಸೆ ಹತ್ತಿಸಿ ಊರ ಪಕ್ಕ ಬಿಡುವುದಾ ಎಂದು. ಕೊನೆಗೆ ಲುಸೆನಾದ ಗೆಳೆಯನೇ ಕಾಗದಪತ್ರದ ಸಮೇತ ಅವಳನ್ನು ಕರೆದುಕೊಂಡು ಹೋದ. ಅವನಲ್ಲಿ ಇಟ್ಟಿಗೆಯ ದೊಡ್ಡ ಗೂಡಿದೆ, ಸಹಾಯಕ್ಕೆ ಅಣ್ಣತಮ್ಮಂದಿರಿದ್ದಾರೆ. ಲೋಲಾ ಪ್ಲಾಸ್ಟರಿನ ಕೈಯೆತ್ತಿ ಅವಳಿದ್ದ ಗೋಣಿಚೀಲಕ್ಕೆ ಶಿಲುಬೆಯ ಗುರುತು ಮಾಡಿ ಅತ್ತರು. ನಾನು ಬಾಗಿಲ ಹಿಂದೆ ನಿಂತಿದ್ದೆ.

ಕಾನ್ವೆಂಟಿನಲ್ಲಿ ದಿನಕ್ಕೆ ನೂರು ಸಲ ಸಾರಿ ಎನ್ನುತ್ತಿದ್ದೆವು, ಅದಕ್ಕೇ ಅದು ಇಲ್ಲಿ ಬರೆಯಲು ಬರುತ್ತಿಲ್ಲ. ಡಾಕ್ಟರು ಮೂಳೆ ಚೆನ್ನಾಗಿ ಕೂಡುತ್ತಿದೆ ಎಂದಿದ್ದಾರೆ. ಲೋಲಾ ಗಟ್ಟಿಯಾಗಿದ್ದಾರೆ, ಎಡಗೈಯಲ್ಲೇ ಇಸ್ಪೀಟಾಡಿ ಅಲಿಂಗ್ ಪಾಸಿಂಗ್ ಅವರನ್ನು ಸೋಲಿಸಿದರು. ಅವರು ವಯಸ್ಸಾಗಿ ಬಿದ್ದದ್ದಲ್ಲ. ಅವರ ಕೂದಲು ಬಾಚಿ, ಸ್ನಾನ ಮಾಡಿಸುವುದು ಈಗ ನನ್ನ ಕೆಲಸ, ನನಗದು ಭಾರವೂ ಅಲ್ಲ. ಡೆಲ್ಫಿನ್ ನಿಮ್ಮ ಗೋಡೆ ಕೆರೆದು ಬಣ್ಣ ಹಚ್ಚುತ್ತಿದ್ದಾನೆ. ಆದರೆ ನೀಲಿ ನೀವು ಆರಿಸಿದ ನೀಲಿಯಾಗಿ ಬಂದಿಲ್ಲ.

ನಿಮ್ಮ ಕೈಯನ್ನು ಹಣೆಗೊತ್ತಿಕೊಳ್ಳುತ್ತೇನೆ, ನೀವು ಕೊಟ್ಟರೆ. ಡೆಲ್ಫಿನ್‌ನ ನಮಸ್ಕಾರಗಳು. ಲೋಲಾಗೆ ನಾನು ಇದನ್ನು ಬರೆದದ್ದು ಗೊತ್ತಿಲ್ಲ, ಅವರ ಸುಳ್ಳನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ದೇವಮಾತೆ ನಿಮ್ಮನ್ನು ಕಾಯಲಿ.

ನಿಮ್ಮ ಮಗಳು,
ಕ್ರಿಸೆಲ್

ತಾ.ಕ.: ಅಲಿಂಗ್ ಪಾಸಿಂಗ್ ಪೆಟ್ಟಿಗೆ ಕಟ್ಟುತ್ತಾ ಕೂಗುತ್ತಿದ್ದಾರೆ, ಬೇಗ ಬರೆಯುತ್ತೇನೆ. ಮೇಡಂಗೆ ಇನ್ನೂ ಏನೂ ಹೇಳಬೇಡಿ. ಈಗ ಬಿಟ್ಟರೆ ಆ ಮನೆಯವರು ಮತ್ತೆ ಕರೆಯುವುದಿಲ್ಲವೆಂದು ನೀವೇ ಹೇಳಿದ್ದಿರಿ, ನಿಮ್ಮ ಒಲೆ ನನ್ನಿಂದ ಹೋಗುವುದು ಬೇಡ. ಇನ್ನೊಂದು. ಇಷ್ಟು ದಿನ ನಾನು ಬಾಯಿ ಬಿಡದಿದ್ದದ್ದು ಬೈಗುಳದ ಹೆದರಿಕೆಗಲ್ಲ. ನಾನು ಆರು ವರ್ಷದವಳಿದ್ದಾಗ ಹೋದವರು ನೀವು, ಮೊದಲ ಸಲ "ವಾಪಸ್ ಹೋಗಲ್ಲ" ಎಂದಿರಿ. ಅದನ್ನು ಕೇಳಿ ನನಗೆ ಎಷ್ಟು ಖುಷಿಯಾಯಿತೆಂದರೆ, ಲೋಲಾಳ ಕೈ ಮುರಿದದ್ದು ಒಳ್ಳೆಯದೇ ಆಯಿತೆಂದುಕೊಂಡೆ.