ಗೇಟೇ ಇಲ್ಲದ ಚಿತ್ರ

ಆಕ್ರನ್, ಓಹಾಯೋ
ಗುರುವಾರ, ಮಾರ್ಚ್ 9, 1922

ಪ್ರೀತಿಯ ಕ್ಲೆಮ್ ಅಣ್ಣಾ,

ಹೇಗಿದ್ದೀಯಾ? ಕ್ಯಾಲಿಫೋರ್ನಿಯಾದ ಬಿಸಿಲಿಗೆ ನಿನ್ನ ಕೆಮ್ಮು ಕಡಿಮೆಯಾಯಿತೇ? ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯೋ ಇಲ್ಲವೋ, ಪರದೆಯ ಮೇಲೆ ನಿನ್ನ ಕೆನ್ನೆ ಒಳಗೆ ಹೋದಂತೆ ಕಂಡಿತು. ಅದು ಬಣ್ಣ ಹಚ್ಚುವವರ ಕೈಚಳಕವಾಗಿದ್ದರೆ ಸಂತೋಷ. ನಾನು ಆರಾಮಾಗಿದ್ದೇನೆ. ಟೈರ್ ಕಾರ್ಖಾನೆಯಲ್ಲಿ ನಮ್ಮ ವಿಭಾಗದ ತುಂಬ ಈಗ ನನ್ನಂತೆ ಕಿವಿ ಕೇಳಿಸದವರೇ. ಯಂತ್ರ ಎಷ್ಟು ಗದ್ದಲ ಮಾಡಿದರೂ ನಾವು ಕೈಯಲ್ಲಿ ಹರಟೆ ಹೊಡೆಯುತ್ತಲೇ ಇರುತ್ತೇವೆ, ಮೇಸ್ತ್ರಿಗೆ ಹೊಟ್ಟೆಯುರಿ. ಊರಿನಿಂದ ಅಮ್ಮ ತಾನೂ ಚೆನ್ನಾಗಿದ್ದೇನೆಂದು ಬರೆಯಲು ಹೇಳಿದ್ದಾಳೆ.

ನಿನ್ನ ಚಿತ್ರ ಇಲ್ಲಿಗೆ ಬಂದಿದೆ. ಹಿಂದೆ ಅದು ನಾಟಕವಾಗಿ ನಮ್ಮೂರಿಗೆ ಬಂದಾಗ ನೀನು ನನ್ನ ಪಕ್ಕ ಕೂತು ಮೂರು ಗಂಟೆ ಬೆರಳಿನಲ್ಲಿ ಅರ್ಥ ಹೇಳಿದ್ದೆ, ನೆನಪಿದೆಯೇ? ನಟರೆಲ್ಲ ಗಡ್ಡ ಅಂಟಿಸಿಕೊಂಡು ಆ ಕಡೆ ತಿರುಗಿ ಮಾತಾಡುತ್ತಿದ್ದರು, ನನಗೆ ಓದಲು ಒಬ್ಬರ ತುಟಿಯೂ ಸಿಕ್ಕಿರಲಿಲ್ಲ. ಕೊಲೆ ಮಾಡಿದ ಬ್ಯಾಂಕ್ ಗುಮಾಸ್ತ ಕೊನೆಗೆ ಕೋರ್ಟಿನಲ್ಲಿ ಉದ್ದಕ್ಕೆ ತಪ್ಪೊಪ್ಪಿಕೊಳ್ಳುವಾಗ ನಿನ್ನ ಬೆರಳೇ ಸೋತುಹೋಗಿತ್ತು. ಈಗ ಆ ಗುಮಾಸ್ತ ನೀನೇ. ಶನಿವಾರ ಕಾರ್ಖಾನೆಯ ನಾವು ಹತ್ತು ಜನ ಮುಂದಿನ ಸಾಲು ಹಿಡಿದೆವು. ನಾಯಕಿ ಹೆಣದ ಮೇಲೆ ಬಿದ್ದು ಗೋಳಾಡುತ್ತಾ "ಬೇಗ ಮುಗಿಸ್ರಪ್ಪಾ, ಶೂ ಕಚ್ತಾ ಇದೆ" ಎಂದಳು, ಅವಳ ತುಟಿಯಲ್ಲೇ ಓದಿದೆವು. ನಾವು ಬಿದ್ದು ಬಿದ್ದು ನಕ್ಕೆವು. ಹಿಂದೆ ಕೂತವರಿಗೆಲ್ಲ ಕಣ್ಣೀರು. ಟಾರ್ಚು ಹಿಡಿದವನು ಬಂದು ನಮ್ಮನ್ನು ಗದರಿಸಿ ಹೋದ. ಕ್ಯಾಮೆರಾದ ಮುಂದೆ ಬಾಯಿಗೆ ಬಂದದ್ದು ಆಡುತ್ತೀರಲ್ಲ, ಪರದೆಯಲ್ಲಿ ದನಿ ಕೇಳಿಸದು, ಯಾರಿಗೂ ತಿಳಿಯುವುದಿಲ್ಲವೆಂದು ನಿಮ್ಮ ಲೆಕ್ಕ!

ಆಮೇಲೆ ಕೋರ್ಟಿನ ದೃಶ್ಯ ಬಂತು. ಪರದೆ ತುಂಬ ನಿನ್ನ ಮುಖ. ನೀನು ಅಳುತ್ತಾ ಮಾತಾಡಿದೆ. "ನ್ಯಾಯಾಧೀಶರೇ, ಕೊಂದವನು ನಾನೇ" ಎಂಬ ಬರಹ ಮೂಡಿತು. ಆದರೆ ನೀನು ಅಂದದ್ದು ಅದಲ್ಲ. "ವರ್ನಾ, ಗೇಟು ಹಾಕ್ದೆ ಬಂದೋನು ನಾನು ಕಣೇ. ನೀನಲ್ಲ." ಪಕ್ಕದಲ್ಲಿದ್ದ ನನ್ನ ಗೆಳತಿ ಐಡಾ ಕೈಯಲ್ಲೇ ಕೇಳಿದಳು: "ಯಾವ ಗೇಟೇ? ಈ ಕಥೇಲಿ ಗೇಟೇ ಇಲ್ವಲ್ಲ! ವರ್ನಾ ಅಂದ್ರೆ ನೀನೇನಾ?" ನಾನು ಗೊತ್ತಿಲ್ಲ ಎಂದೆ.

ನಾಲ್ಕು ಸಲ ನೋಡಿದೆ ಅಣ್ಣಾ, ನಾಲ್ಕು ಸಲವೂ ಅದೇ ಮಾತು. ಹದಿನಾರು ವರ್ಷದಿಂದ ನಾನು ನಂಬಿಕೊಂಡು ಬಂದಿರುವುದು ಬೇರೆ. ಹಿತ್ತಿಲ ಗೇಟು ತೆರೆದಿತ್ತು, ನಾಲ್ಕು ವರ್ಷದ ನಮ್ಮ ತಮ್ಮ ಓಟಿಸ್ ಗಿರಣಿಯ ಕೆರೆಗೆ ಇಳಿದು ಮುಳುಗಿಹೋದ. ಗೇಟು ಗಾಳಿಗೆ ಬಡಿದುಕೊಳ್ಳುತ್ತಿದ್ದದ್ದು ಅಲ್ಲೇ ಮೆಟ್ಟಿಲ ಮೇಲೆ ಕೂತಿದ್ದ ನನಗೆ ಕೇಳಿಸಲಿಲ್ಲ. ಆ ಗೇಟಿನಿಂದ ಕೊನೆಗೆ ಒಳಗೆ ಬಂದವಳು ನಾನೇ ಎಂದು ಎಲ್ಲರೂ ಅಂದರು. ಅಮ್ಮ ಬೈಯಲಿಲ್ಲ, ಆದರೆ ಅಂದಿನಿಂದ ಯಾರ ಮಗುವನ್ನೂ ನನ್ನ ಕೈಗೆ ಕೊಡಲಿಲ್ಲ. ಚಿಲಕ ಹಾಕಿದ್ದು ನನಗೆ ನೆನಪಿತ್ತು. ಎಲ್ಲರೂ ಇಲ್ಲವೆಂದ ಮೇಲೆ ಆ ನೆನಪೇ ಸುಳ್ಳಿರಬೇಕು ಎಂದುಕೊಂಡೆ. ಮದುವೆ ಬೇಡವೆಂದು ಕೂತದ್ದೂ ಅದಕ್ಕೇ.

ಈಗ ನನಗೆ ತಲೆಬುಡ ತಿಳಿಯುತ್ತಿಲ್ಲ. ಇದು ನಿಜವೋ, ಅಳು ಬರಲಿ ಎಂದು ಓಟಿಸ್‌ನನ್ನು ನೆನೆದು ಏನೋ ಆಡಿದೆಯೋ? ನಾನು ತುಟಿ ಓದುತ್ತೇನೆಂದು ಗೊತ್ತಿದ್ದೇ ಆಡಿದೆಯೋ? ನಿಜವಾದರೆ ಕಾಗದ ಬರೆಯಲು ನಿನಗೇನು ಬಂದಿತ್ತು? ಇಷ್ಟು ವರ್ಷ ನನ್ನ ಎದುರೇ ಉಣ್ಣುತ್ತಿದ್ದೆಯಲ್ಲ ಎಂದು ಮೈಯೆಲ್ಲ ಉರಿಯುತ್ತದೆ. ಮರುಗಳಿಗೆ ಅಂದಿನ ಹದಿಮೂರು ವರ್ಷದ ನೀನು ಕಣ್ಣಿಗೆ ಬಂದು ಅಳು ಬರುತ್ತದೆ. ಹಗುರಾದೆನೆಂದು ಸಂತೋಷಪಡೋಣವೆಂದರೆ ಅದೂ ಬರುತ್ತಿಲ್ಲ. ನಿನ್ನೆ ಎರಡು ಟೈರು ಕೆಡಿಸಿದೆ.

ಎದೆ ಬೆಚ್ಚಗಿಟ್ಟುಕೋ, ಊಟ ತಪ್ಪಿಸಬೇಡ. ದೇವರು ನಿನ್ನನ್ನು ಕಾಯಲಿ.

ಏನೇ ಆದರೂ ನಿನ್ನ ತಂಗಿಯೇ ಆದ
ವರ್ನಾ

ತಾ.ಕ.: ಅಂಚೆಗೆ ಹೊತ್ತಾಯಿತು, ಹೇಳಿಬಿಡುತ್ತೇನೆ. ಅಮ್ಮನ ಕಿವಿ ಪೂರ್ತಿ ಹೋಗಿದೆ. ನಿನಗೆ ತಿಳಿಸಬಾರದೆಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದಳು. ಎರಡು ವರ್ಷದಿಂದ ಊರಿಗೆ ಹೋದಾಗಲೆಲ್ಲ ನಾನೇ ಅವಳಿಗೆ ತುಟಿ ಓದುವುದನ್ನು ಕಲಿಸಿದ್ದೇನೆ, ಈಗ ನನಗಿಂತ ಚುರುಕು. ಇದೇ ಇಪ್ಪತ್ತೈದಕ್ಕೆ ಚಿತ್ರ ನಮ್ಮೂರಿಗೆ ಹೋಗುತ್ತದೆ. ಮಗನನ್ನು ಹತ್ತಿರದಿಂದ ನೋಡಬೇಕೆಂದು ಮುಂದಿನ ಸಾಲಿನ ಟಿಕೆಟ್ ತೆಗೆಸಿಟ್ಟಿದ್ದಾಳೆ. ನಿಜವೋ ಸುಳ್ಳೋ, ಅಷ್ಟರೊಳಗೆ ಕಾಗದ ಬರೆ. ನನಗಲ್ಲ, ಅವಳಿಗೆ.