ಮುದ್ರೆ ಹಾಕುತ್ತಿದ್ದವನ ಸಾಕ್ಷಿ

ಮನೆ,
ಮಂಗಳವಾರ, ಹದಿನಾಲ್ಕನೇ ತಾರೀಕು

ಪ್ರೀತಿಯ ಮೊಂಡಿಗೆ,

ಜ್ವರ ಬಿಟ್ಟಿತೇ? ನಿನ್ನ ವಕೀಲೆ ಶುಕ್ರವಾರ ನೋಡಿದಾಗ ಮೈ ಇನ್ನೂ ಬೆಚ್ಚಗಿತ್ತಂತೆ. ಮಾತ್ರೆ ಕೊಟ್ಟರೆ ಸುಮ್ಮನೆ ನುಂಗು, ಅದರ ಬಗ್ಗೆಯೂ ತನಿಖೆ ಮಾಡುತ್ತ ಕೂರಬೇಡ. ಹೊಸ ಕನ್ನಡಕ ಮಾಡಿಸಿ ಗೇಟಿನಲ್ಲಿ ಕೊಟ್ಟು ಎಂಟು ದಿನವಾಯಿತು, ತಲುಪಿತೋ ಇಲ್ಲವೋ ಬರೆ. ನಿನ್ನ ಅಮ್ಮ ಚೆನ್ನಾಗಿದ್ದಾಳೆ, ಅಂದರೆ ದಿನಕ್ಕೊಬ್ಬರ ಜತೆ ಜಗಳವಾಡುವಷ್ಟು ಚೆನ್ನಾಗಿದ್ದಾಳೆ. ಮೊನ್ನೆ ಮಹಡಿ ಮನೆಯಾಕೆ ಮೆಟ್ಟಿಲಲ್ಲಿ ಸಿಕ್ಕಿ ‘ಪಾಪ, ಹೆಣ್ಣುಮಗು ಜೈಲಲ್ಲಿ’ ಎಂದು ರಾಗ ಎಳೆದರೆ, ಇವಳು ‘ನೀವು ಕುಡಿಯೋ ನೀರಿನ ವಿಷ್ಯಕ್ಕೇ ಅವಳು ಅಲ್ಲಿ ಕೂತಿರೋದು. ಪಾಪ ಅನ್ನೋದಾದ್ರೆ ನಿಮಗೆ ನೀವೇ ಅಂದ್ಕೊಳ್ಳಿ’ ಎಂದು ಹೇಳಿ ಬಂದಳಂತೆ. ಈ ಪತ್ರವನ್ನು ನಿನಗಿಂತ ಮೊದಲು ಓದುವ ಜೈಲಿನ ಗುಮಾಸ್ತರಿಗೂ ನನ್ನ ನಮಸ್ಕಾರ. ಮೂವತ್ತೊಂದು ವರ್ಷ ನೀರಿನ ಇಲಾಖೆಯಲ್ಲಿ ನಾನೂ ಬೇರೆಯವರ ಕಾಗದ ಕಾದವನೇ, ಅವರ ಕಷ್ಟ ಬಲ್ಲೆ.

ಸುದ್ದಿಗೆ ಮೊದಲು ಒಂದು ಮಾತು. ನಿನ್ನನ್ನು ಹಿಡಿದೊಯ್ದ ಮೂರನೇ ದಿನ ಜಾಲರಿಯ ಈಚೆ ನಿಂತು, ‘ಮುದ್ರೆ ಬಿದ್ದ ಕಾಗದ ಮುಟ್ಟಬೇಡ ಅಂತ ಎಷ್ಟು ಸಲ ಬಡ್ಕೊಂಡಿದ್ದೆ’ ಎಂದು ಕೂಗಾಡಿ ಹೊರಟವನು ನಾನು. ಎರಡು ತಿಂಗಳು ಆ ಕಡೆ ತಲೆಯನ್ನೂ ಹಾಕಲಿಲ್ಲ. ಪೂರ್ವದ ಬಡಾವಣೆಯ ನೀರಿನ ಟ್ಯಾಂಕಿನಲ್ಲಿ ಸೀಸವಿದೆ ಎಂದು ಸರ್ಕಾರದ್ದೇ ಪ್ರಯೋಗಾಲಯ ಬರೆದ ವರದಿ ಅದು; ಅದರ ಒಂದೇ ಒಂದು ಪುಟವನ್ನು ನೀನು ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದೆ. ಮಕ್ಕಳ ಹೊಟ್ಟೆನೋವಿಗೆ ಕಾರಣ ಗೊತ್ತಾಯಿತೆಂದು ಆ ಬಡಾವಣೆಯವರು ನಿನಗೆ ಕೈ ಮುಗಿದರು. ನನಗೆ ಕಂಡದ್ದು ಪುಟದ ಮೂಲೆಯಲ್ಲಿದ್ದ ‘ರಹಸ್ಯ’ ಎಂಬ ಮುದ್ರೆ ಮಾತ್ರ. ನಾನು ಕಾದ ಬೀರುವಿಗೆ ನನ್ನ ಮಗಳೇ ಕನ್ನ ಹಾಕಿದಳು ಅನ್ನಿಸಿತು. ಮಕ್ಕಳ ವಿಚಾರ ಮನಸ್ಸಿಗೆ ಬರಲೇ ಇಲ್ಲ. ಇದನ್ನು ಎದುರಿಗೆ ನಿಂತು ಹೇಳಲು ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಸರ್ಕಾರಿ ವಕೀಲರು ಮನೆಗೆ ಬಂದಿದ್ದರು. ನಡುಮನೆಯ ಕುರ್ಚಿಯಲ್ಲಿ ಕೂತು, ‘ಯಜಮಾನ್ರೇ, ಕಾಗದ ಯಾರು ಕೊಟ್ರು ಅಂತ ಒಂದು ಹೆಸರು ಹೇಳ್ಲಿ ಸಾಕು, ನಾಳೆನೇ ಮನೆಗೆ ಬರ್ತಾಳೆ. ಸ್ವಲ್ಪ ಬುದ್ಧಿ ಹೇಳಿ’ ಅಂದರು. ‘ಆರನೇ ವಯಸ್ಸಲ್ಲಿ ಕಿಟಕಿ ಗಾಜು ಒಡೆದಾಗ್ಲೇ ಜತೆಗಿದ್ದ ಹುಡುಗಿ ಹೆಸರು ಹೇಳ್ಲಿಲ್ಲ, ಈಗ ಹೇಳ್ತಾಳಾ’ ಎಂದು ಅಮ್ಮ ಒಳಗಿನಿಂದಲೇ ಉತ್ತರ ಕೊಟ್ಟಳು. ಆಗ ಅವರು ಇನ್ನೊಂದು ಕೇಳಿದರು. ಆ ಇಲಾಖೆಯ ಮುದ್ರೆ ಅಷ್ಟು ವರ್ಷ ನನ್ನ ಕೈಯಲ್ಲೇ ಇದ್ದದ್ದರಿಂದ, ಅದು ಅಸಲಿ ಎಂದು ನಾನು ಕೋರ್ಟಿನಲ್ಲಿ ಹೇಳಬೇಕಂತೆ. ನಿಜ ಹೇಳುತ್ತೇನೆ, ನನಗೆ ಹೆಮ್ಮೆಯಾಯಿತು. ಒಪ್ಪಿದೆ. ಅಮ್ಮ ನನ್ನ ಜತೆ ಎರಡು ದಿನ ಮಾತು ಬಿಟ್ಟಳು.

ನಿನ್ನೆ ಸಾಕ್ಷಿ ಇತ್ತು. ಬೆಂಗಾವಲಿಗೆ ಪೊಲೀಸರಿಲ್ಲ ಎಂಬ ನೆಪ ಹೇಳಿ ನಿನ್ನನ್ನು ಕರೆತರಲಿಲ್ಲ, ಆದ್ದರಿಂದ ನಡೆದದ್ದನ್ನು ನಾನೇ ಹೇಳಬೇಕು. ಕಟಕಟೆಯಲ್ಲಿ ವರದಿಯ ಮೂಲಪ್ರತಿಯನ್ನು ಕೈಗಿತ್ತರು. ಪತ್ರಿಕೆಯ ಮಸುಕು ಅಚ್ಚಿನಲ್ಲಿ ಕಾಣದ್ದು ಅಲ್ಲಿ ಎದ್ದು ಕಂಡಿತು. ಮುದ್ರೆಯ ಕೆಳಗೆ ಬರೆದಿದ್ದ ತಾರೀಕು ನಾನು ನಿವೃತ್ತನಾಗುವುದಕ್ಕೆ ಎರಡು ತಿಂಗಳ ಹಿಂದಿನದು. ಅಂದರೆ ಅದನ್ನು ಒತ್ತಿದವನು ನಾನೇ ಆಗಿರಬೇಕು. ಆದರೆ ನನ್ನ ಮುದ್ರೆಯ ರಬ್ಬರು ಕಿತ್ತುಹೋಗಿ ‘ರಹಸ್ಯ’ದ ‘ಹ’ ಅರ್ಧವೇ ಮೂಡುತ್ತಿತ್ತು. ಹೊಸದು ಕೊಡಿ ಎಂದು ನಾಲ್ಕು ವರ್ಷ ಅರ್ಜಿ ಬರೆದು ಸಾಕಾಗಿ, ಕೊನೆಗೆ ಅದೇ ಮುದ್ರೆಯನ್ನು ಒಪ್ಪಿಸಿ ಮನೆಗೆ ಬಂದವನು ನಾನು. ಈ ಕಾಗದದ ‘ಹ’ ಮಾತ್ರ ತುಂಬು ದುಂಡಗೆ, ಮದುಮಗಳ ಹಾಗೆ ಕೂತಿತ್ತು.

ಮಗಳೇ, ಕಾಗದವನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದೆ. ಅಂದರೆ ಆ ತಾರೀಕಿಗೆ ವರದಿ ರಹಸ್ಯವೇ ಆಗಿರಲಿಲ್ಲ. ನೀನು ಅಚ್ಚು ಹಾಕಿಸಿದ ಮೇಲೆ ಯಾರೋ ಮೂಲಪ್ರತಿಯ ಮೇಲೆ ಹೊಸ ಮುದ್ರೆ ಒತ್ತಿ, ಹಳೆಯ ತಾರೀಕು ಬರೆದಿದ್ದಾರೆ ಎಂದುಕೊಂಡೆ. ಆದರೆ ನಿನ್ನ ಪತ್ರಿಕೆಯ ಪುಟದಲ್ಲೂ ಮುದ್ರೆ ಇತ್ತಲ್ಲ? ಆಮೇಲೆ ಹೊಳೆಯಿತು: ಟ್ಯಾಂಕಿನ ಬಗ್ಗೆ ನೀನು ಇಲಾಖೆಗೆ ಪ್ರಶ್ನೆ ಬರೆದು ಕಳಿಸಿದ್ದೆ, ನೆನಪಿದೆಯೇ? ಅದು ನಾನು ನಿವೃತ್ತನಾಗಿ ಒಂದು ವರ್ಷದ ನಂತರ. ನೀನು ಕೇಳಿದ ಮೇಲೆಯೇ ಹೊಸ ಮುದ್ರೆ ಬಿದ್ದು ಅದು ರಹಸ್ಯವಾದದ್ದು!

ಸರ್ಕಾರಿ ವಕೀಲರು, ‘ಇದು ನಿಮ್ಮ ಇಲಾಖೆ ಮುದ್ರೆನೇ ತಾನೇ?’ ಎಂದರು. ‘ಇಲಾಖೆದೇ ಸ್ವಾಮಿ. ಆದ್ರೆ ಈ ತಾರೀಕಿನದಲ್ಲ’ ಎಂದೆ. ಅವರ ಮುಖ ನೋಡಬೇಕಿತ್ತು. ನ್ಯಾಯಾಧೀಶರು ಅದೇ ತಿಂಗಳ ಬೇರೆ ಕಡತ ತರಿಸಿದರು. ಮಧ್ಯಾಹ್ನ ಬಂದ ಕಡತದಲ್ಲಿ ನಾನೇ ಒತ್ತಿದ ಮುದ್ರೆ, ಅರ್ಧ ‘ಹ’. ಆ ಕಡತ ಏನೆಂದರೆ, ಮಂತ್ರಿಗಳ ಕೋಣೆಯ ಪರದೆ ಬದಲಿಸುವ ಆದೇಶ. ಅದೂ ರಹಸ್ಯ! ಕೋರ್ಟಿನಲ್ಲಿ ಎಲ್ಲರೂ ನಕ್ಕರು, ನಾನು ತಲೆ ತಗ್ಗಿಸಿದೆ. ಎಷ್ಟು ಸಾವಿರ ಕಾಗದಕ್ಕೆ ಓದದೆ ಒತ್ತಿದ್ದೇನೋ. ಪರದೆಗೆ ಒತ್ತಿದ ಕೈ ಇನ್ನೇನೇನಕ್ಕೆ ಒತ್ತಿದೆಯೋ ದೇವರೇ ಬಲ್ಲ.

ಸರ್ಕಾರಿ ವಕೀಲರು ಬಿಡಲಿಲ್ಲ. ‘ಹಾಗಾದ್ರೆ ಮುದ್ರೆ ಸರಿಯಾದ ದಿನಾನೇ ಬಿದ್ದಿದ್ರೆ ನಿಮ್ಮ ಮಗಳು ಮಾಡಿದ್ದು ತಪ್ಪು. ಒಪ್ಕೋತೀರಾ?’ ಎಂದು ಕೇಳಿದರು. ನಿನ್ನ ವಕೀಲೆ ಏಳುವುದರೊಳಗೆ ನಾನೇ ಹೇಳಿಬಿಟ್ಟೆ: ‘ಇಲ್ಲ ಸ್ವಾಮಿ. ನೀರು ಕುಡಿಯೋರಿಗೇ ನೀರಲ್ಲೇನಿದೆ ಅಂತ ಗೊತ್ತಾಗಬಾರದು ಅಂದ್ರೆ, ಆ ಮುದ್ರೆ ನಾನೇ ಒತ್ತಿದ್ರೂ ತಪ್ಪೇ. ಅವಳು ಮಾಡಿದ್ದು ಸರಿ. ನಾನು ಮೂವತ್ತೊಂದು ವರ್ಷ ಮಾಡಬೇಕಾಗಿದ್ದನ್ನ ಅವಳು ಒಂದು ದಿನದಲ್ಲಿ ಮಾಡಿದ್ಲು.’ ಕೊನೆಯ ಮಾತನ್ನು ಬರೆದುಕೊಳ್ಳಬೇಡಿ ಎಂದು ಸರ್ಕಾರಿ ವಕೀಲರು ಎದ್ದು ನಿಂತರು. ಬರೆದುಕೊಳ್ಳಿ ಎಂದರು ನ್ಯಾಯಾಧೀಶರು. ನಿನ್ನ ಜಾಮೀನಿನ ಅರ್ಜಿ ಬರುವ ಸೋಮವಾರ ವಿಚಾರಣೆಗೆ ಬರುತ್ತದೆ. ಸಿಗುತ್ತದೋ ಇಲ್ಲವೋ ಹೇಳಲಾರೆ, ಸುಳ್ಳು ಸಮಾಧಾನ ನಿನಗೆ ಹಿಡಿಸುವುದೂ ಇಲ್ಲ. ಹೆಸರು ಮಾತ್ರ ಹೇಳಬೇಡ. ಇದು ನಿನ್ನ ಅಪ್ಪನ ಮಾತು.

ಹೊರಗೆ ಬಂದಾಗ ಅಮ್ಮ ಕೋರ್ಟಿನ ಬೆಂಚಿನ ಮೇಲೆ ಕೂತಿದ್ದಳು. ಡಬ್ಬಿ ಬಿಚ್ಚಿ, ‘ಬೆಳಗ್ಗೆಯಿಂದ ಏನೂ ತಿಂದಿಲ್ಲ, ಮೊದ್ಲು ತಿನ್ನಿ’ ಎಂದಳು. ಮಾತು ಮತ್ತೆ ಶುರುವಾದದ್ದು ಹಾಗೆ.

ಮೈ ಕಡೆ ಗಮನವಿರಲಿ. ನಿನ್ನ ಕೋಣೆಯ ಜತೆಗಾತಿಯರಿಗೆ ನಮ್ಮಿಬ್ಬರ ನೆನಪು ತಿಳಿಸು. ತಲೆ ಎತ್ತಿಕೊಂಡೇ ಇರು, ನಿನಗೆ ಒಳ್ಳೆಯದಾಗಲಿ.

ಇಷ್ಟು ವರ್ಷಕ್ಕೆ ಕಣ್ಣು ತೆರೆದ
ನಿನ್ನ ಅಪ್ಪ

ಮರೆತಿದ್ದೆ: ವರದಿಯ ಉಳಿದ ಪುಟಗಳನ್ನು ನಿನ್ನ ಪತ್ರಿಕೆ ನಾಳೆ ಅಚ್ಚು ಹಾಕುತ್ತಿದೆ. ಈ ಪತ್ರ ತಪಾಸಣೆ ದಾಟಿ ನಿನ್ನ ಕೈ ಸೇರುವಷ್ಟರಲ್ಲಿ ಊರೆಲ್ಲ ಓದಿರುತ್ತದೆ, ಅದಕ್ಕೇ ಧೈರ್ಯವಾಗಿ ಬರೆದೆ. ಇದೇ ಕೇಸಿನಲ್ಲಿ ಜಾಮೀನಿನ ಮೇಲಿರುವ ಸಂಪಾದಕರ ಹೆಸರನ್ನು ಷರತ್ತಿನಂತೆ ಪತ್ರಿಕೆಯಲ್ಲಿ ಹಾಕುವಂತಿಲ್ಲ. ಪ್ರಕಾಶಕರೆಂದು ಕಾನೂನಿಗೆ ಒಂದು ಹೆಸರು ಬೇಕೇ ಬೇಕು, ಯಾರೂ ಮುಂದೆ ಬರಲಿಲ್ಲ. ಇವತ್ತು ಬೆಳಿಗ್ಗೆ ಹೋಗಿ ನಾನು ಸಹಿ ಮಾಡಿ ಬಂದೆ, ಈ ಸಲ ಪೂರ್ತಿ ಓದಿಯೇ. ಅಮ್ಮ ನನ್ನ ಸ್ವೆಟರು, ರಕ್ತದೊತ್ತಡದ ಮಾತ್ರೆ ಎಲ್ಲ ಚೀಲಕ್ಕೆ ತುಂಬಿ ಬಾಗಿಲ ಬಳಿ ಇಟ್ಟಿದ್ದಾಳೆ. ‘ಆಗ್ಲಿ ಬಿಡಿ, ಜೈಲಿಗೆ ಹೋಗೋ ಬಸ್ಸು ಒಂದೇ ತಾನೇ? ಇಬ್ಬರನ್ನೂ ಒಂದೇ ದಿನ ನೋಡ್ಕೊಂಡು ಬರ್ತೀನಿ’ ಅನ್ನುತ್ತಿದ್ದಾಳೆ.