‘ಬಯಲು’ ಕೇಳಿದವರು

ಗುಂಡ್ಲುಪೇಟೆ
೧೪ ಡಿಸೆಂಬರ್ ೨೦೨೪

ಪ್ರೀತಿಯ ಶಿವಲಕ್ಷ್ಮಿ,

ನಾನು ಕ್ಷೇಮ. ಕಲ್ಲಿಕೋಟೆಯ ಆಸ್ಪತ್ರೆಯಲ್ಲಿ ನಿನ್ನ ಪಾಳಿ ಬದಲಾಯಿತೇ? ಮೂರು ವಾರದಿಂದ ನಿನ್ನ ಫೋನು ಎತ್ತದೆ ಉಳಿದದ್ದಕ್ಕೆ ಕ್ಷಮಿಸು. ಬಾಯಲ್ಲಿ ಹೇಳಲಾಗದೆ ಕಾಗದ ಹಿಡಿದಿದ್ದೇನೆ.

ಮೊದಲು ನಮ್ಮ ‘ಕಾವಳ’ ಬ್ಯಾಂಡಿನ ಸುದ್ದಿ. ನೀನು ಕೆಲಸಕ್ಕೆ ಹೋದ ಮೇಲೆ ನಾನೊಬ್ಬನೇ ಮುಗಿಸಿದ ಹೊಸ ಆಲ್ಬಂ ‘ಬಯಲು’ ಅನ್ನು ಜನ ಕೇಳುತ್ತಿದ್ದಾರೆ. ಬೆಂಗಳೂರಿನ ಪತ್ರಿಕೆಯೊಂದು ಅರ್ಧ ಪುಟ ಬರೆದಿದೆ, ‘ಸಿಂಥಸೈಜರಿನಲ್ಲಿ ಬಂಡೀಪುರದ ಬೆಳಗಿನ ಮಂಜನ್ನೇ ಇಳಿಸಿದ್ದಾರೆ’ ಎಂದು. ನಮ್ಮಪ್ಪ ಅದನ್ನು ಮಡಿಚಿ ಜೇಬಲ್ಲಿಟ್ಟುಕೊಂಡು ಟೀ ಅಂಗಡಿಗೆ ಹೋಗಿಬಂದರು.

ಮೈಸೂರಿನ ಗುರುಪಾದಸ್ವಾಮಿ ಎಂಬ ವಿಮರ್ಶಕರು ಮಾತ್ರ ಒಪ್ಪಲಿಲ್ಲ. ‘ನಾಲ್ಕನೆಯ ಹಾಡಿನಲ್ಲಿ ಒಬ್ಬ ಹೆಂಗಸು ಹಾಡುತ್ತಿದ್ದಾಳೆ. ಆಕೆ ಯಾರು, ಏನು ಹಾಡುತ್ತಿದ್ದಾಳೆ ಎಂದು ತಿಳಿಯದಷ್ಟು ದನಿಯನ್ನು ಎಳೆದು ಮುಳುಗಿಸಿದ್ದಾರೆ. ಹಾಗಾದರೆ ಆಕೆಯನ್ನು ಹಾಡಲು ಕರೆದದ್ದೇಕೆ?’ ಓದಿ ಸಿಟ್ಟು ಬಂತು. ಎರಡು ಪುಟ ಉತ್ತರ ಬರೆದೆ.

ಕಳಿಸುವ ಮೊದಲು ಆ ಹಾಡನ್ನು ನಿಮ್ಮವ್ವನಿಗೆ ಕೇಳಿಸೋಣವೆಂದು ಮೂರು ವಾರದ ಹಿಂದಿನ ಭಾನುವಾರ ಉಡಿಗಾಲಕ್ಕೆ ಹೋದೆ. ಗಂಟಲಿನ ಆಪರೇಷನ್ ಆದಮೇಲೆ ಸಣ್ಣತಾಯಮ್ಮನ ಮಾತು ಪಕ್ಕದಲ್ಲಿ ಕೂತರಷ್ಟೇ ಕೇಳುತ್ತದೆ. ಅವರೆಕಾಯಿ ಬಿಡಿಸುತ್ತಿದ್ದವರು ಕೈ ಒರೆಸಿಕೊಂಡು ಹೆಡ್‌ಫೋನ್ ಹಾಕಿಸಿಕೊಂಡರು. ಏಳು ನಿಮಿಷ ಅಲ್ಲಾಡಲಿಲ್ಲ.

“ಇದ್ರಲ್ಲಿ ನಾನೆಲ್ಲವ್ನಿ ಮಗ?” ಎಂದರು.

“ಇದೇ ನಿನ್ ದನಿ ಕಣವ್ವ. ಎಳ್ದು ನಿಧಾನ ಮಾಡಿವ್ನಿ.”

“ಇರ್ಲಿ ಬುಡು, ಚೆಂದಾಗದೆ. ಅವತ್ತು ಜಗ್ಲಿ ಮೇಲೆ ಸೋಬಾನೆ ಹಾಡಿದ್ನಲ್ಲ, ಅದ್ನ ಅಂಗೇ ಒಂದ್ಸಲ ಕೇಳ್ಸು. ನನ್ ದನಿ ನಂಗೇ ಮರ್ತೋಗದೆ.”

“ಮನೇಲಿ ಮಡಗಿವ್ನಿ, ತತ್ತೀನಿ” ಎಂದೆ. ಬೇಡವೆಂದರೂ ಚೀಲದ ತುಂಬ ಅವರೆಕಾಯಿ ಕೊಟ್ಟು ಕಳಿಸಿದರು.

ವಿಮರ್ಶಕರಿಗೆ ಬರೆದ ಉತ್ತರವನ್ನು ಆ ಸಂಜೆಯೇ ಹರಿದುಹಾಕಿದೆ.

ನಿನ್ನ ಪುಟ್ಟಿಯ ಕೆಮ್ಮು ವಾಸಿಯಾಯಿತೇ? ಅವಳನ್ನೂ ನಿನ್ನನ್ನೂ ಮಾದಪ್ಪ ತಂಪಾಗಿಟ್ಟಿರಲಿ.

ನಿನ್ನ ಗೆಳೆಯ,
ಚಂದ್ರಕುಮಾರ್

ತಾ.ಕ.: ಆ ಸೋಬಾನೆಯ ಮೂಲ ರೆಕಾರ್ಡಿಂಗ್ ನನ್ನ ಬಳಿ ಇಲ್ಲ. ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆ ಮಾರ್ಚ್ ತಿಂಗಳಲ್ಲಿ ಅಳಿಸಿದೆ. ಅಷ್ಟರಲ್ಲಿ ಆಪರೇಷನ್ ಆಗಿ ಎಂಟು ದಿನವಾಗಿತ್ತು, ಅದು ನನಗೆ ಗೊತ್ತಿತ್ತು. ನಮ್ಮ ಹಾಡು ಮುಗಿದಿದೆ, ಇನ್ನೇಕೆ ಅಂದುಕೊಂಡೆ. ನಿನ್ನ ಹಳೆಯ ಫೋನಿನಲ್ಲಿ ಅವ್ವನ ದನಿ ಏನಾದರೂ ಉಳಿದಿದೆಯೇ, ಹುಡುಕು. ದಿನಾ ಸಂಜೆ ಅವರು ನನಗೆ ಫೋನ್ ಮಾಡುತ್ತಾರೆ. ಮಾತು ತಿಳಿಯುವುದಿಲ್ಲ, ಉಸಿರು ಮಾತ್ರ ಕೇಳುತ್ತದೆ. ನಾನು, “ನಾಳೆ ತತ್ತೀನಿ ಕಣವ್ವ” ಅನ್ನುತ್ತೇನೆ.